ಅಡಿಬರಹ

ರಾತ್ರಿ ಒಂಬತ್ತೂ ನಲವತ್ತಕ್ಕೆ ಫೋಟೋ ಬಂದವು, ಎರಡು.
ಒಂದರಲ್ಲಿ ಸಿಂದಗಿ ರಸ್ತೆ, ಎದುರುಗಾಳಿ,
ಹ್ಯಾಂಡಲ್ಲಿಗೆ ಸಮ ಮಡಚಿದ ಬೆನ್ನು,
ತೊಡೆಗೆ ಚೈನಿನ ಎಣ್ಣೆ, ಮೂಗಿನ ಕೆಳಗೆ ಒಣಗಿದ ಸಿಂಬಳ.
ಇನ್ನೊಂದರಲ್ಲಿ ಅದೇ ಹುಡುಗಿ, ಇಳಕಲ್ ಸೀರೆ,
ಯಾರದೋ ಶಾಲು, ಯಾರದೋ ಹಾರ,
ಹೇಳಿಸಿಕೊಂಡು ನಕ್ಕ ನಗೆ.

'ಸೀರೀದು ಹಾಕ್ರಿ' ಅಂದರು ಸಾಹೇಬರು, ತಲೆ ಎತ್ತದೆ.
ಪುಟ ಕಟ್ಟುವ ಹುಡುಗ ಗದ್ದದ ಮೇಲಿನ
ಹೆಲ್ಮೆಟ್ ಪಟ್ಟಿಯ ಗಾಯ ಒರೆಸಿದ.
ಹಣೆ ಬರಿದು ಕಂಡಿತೇನೋ, ಒಂದು ಟಿಕಳಿ ಇಟ್ಟ.

ನಾನು ಅಡಿಬರಹ ಬರೆಯುವವನು.
ನೀಲಾಂಬಿಕಾ ತೊರವಿ:
ಒಂದು ಕಾಲಮ್ಮಿಗೆ ಉದ್ದವಾಯಿತು ಹೆಸರು ಅಂತ
'ಗುಮ್ಮಟ ನಗರಿಯ ಕುವರಿ' ಹೊಡೆದೆ.
ಈಗ ಎಣಿಸಿ ನೋಡಿದರೆ ಅದು ಇನ್ನೂ ಉದ್ದ.

ಹೋದ ವರ್ಷ 'ಥೇಟ್ ಗಂಡುಮಗ' ಅಂತ ಬರೆದವನೂ ನಾನೇ.
ಅದಕ್ಕೂ ಮೊದಲು, ಪುಟದಲ್ಲಲ್ಲ, ಚಹಾದಂಗಡಿಯಲ್ಲಿ,
'ಅದು ಹುಡುಗಿನಽ ಹೌದಿಲ್ಲೋ?' ಅಂದರು ಯಾರೋ.
ನಕ್ಕವರಲ್ಲಿ ನಾನೂ ಇದ್ದೆ.

ಗಂಡುಮಗ ಅಚ್ಚಾದ ಬೆಳಿಗ್ಗೆ ಫೋನು ಮಾಡಿದ್ದಳು.
ಜಗಳ ತೆಗೆಯಲಿಲ್ಲ.
'ಸರ, ಗುಮ್ಮಟದಾಗ ಒದರಿದ್ರ
ನಂದಽ ಮಾತು ಹೊಳ್ಳಿ ಬರ್ತೈತ್ರಿ.
ನಿಮ್ಮ ಪೇಪರಿನಾಗ ನನ್ನ ಬಾಯಿಂದ ಬ್ಯಾರೆ ಯಾರೋ ಮಾತಾಡ್ತಾರ.
ಅಡಗಿ ಮಾಡೂದಂದ್ರ ಭಾಳ ಇಷ್ಟ ಅಂತ
ನಾ ಯಾವಾಗ ಅಂದೀನ್ರಿ?
ಇರ್ಲಿ. ಟೈಮ್ ಯಾಕ ಹಾಕಿಲ್ಲ?'

ಏನು ಹೇಳಿದೆನೋ. ಜಾಗ ಇರಲಿಲ್ಲ ಅಂತಲೇ ಇರಬೇಕು.

ಇವತ್ತಿನ ಚೀಟಿ ಮೇಜಿನ ಮೇಲಿದೆ, ಕೋಚ್ ಕಳಿಸಿದ್ದು:
ಮೂವತ್ತು ಕಿಲೋಮೀಟರು,
ನಲವತ್ತಾರು ನಿಮಿಷ, ಹನ್ನೆರಡು ಸೆಕೆಂಡು,
ಒಂದು ಬಿಂದು, ಬಿಂದುವಿನಾಚೆ ಏಳು.
ಆ ಏಳಕ್ಕಾಗಿ ನಸುಕಿನ ನಾಲ್ಕೂವರೆಗೆ
ಹಾಸ್ಟೆಲಿನ ಗೇಟು, ಹೊಲದ ನಾಯಿಗಳು,
ಕಬ್ಬಿನ ಟ್ರ್ಯಾಕ್ಟರಿನ ಬೆನ್ನಿಗೇ ಅಂಟಿ
ಗಾಳಿ ತಪ್ಪಿಸಿಕೊಂಡ ನಾಲ್ಕು ಮೈಲಿ.
ನಾವು ಇಟ್ಟ ಬಿಂದು ಹಣೆಯ ಮೇಲೆ.

ಹನ್ನೊಂದೂ ಇಪ್ಪತ್ತು. ಸಾಹೇಬರು ಊಟಕ್ಕೆದ್ದರು.
'ಟಿಕಳಿ ತಗಿ' ಅಂದೆ ಹುಡುಗನಿಗೆ, 'ಗಾಯ ಇರ್ಲಿ...
ಅಲ್ಲಲ್ಲ, ರಸ್ತೇದಽ ಹಾಕು. ಸಿಂಬಳದ್ದು.'
ಕುವರಿಯನ್ನು ಅಳಿಸಿದೆ.
ಹೆಸರು ಪೂರ್ತಿ, ಅದರ ಕೆಳಗೆ 46:12.7.
ಬೇರೇನೂ ಬರೆಯಲಿಲ್ಲ.
ಬೇರೇನು ಗೊತ್ತಿತ್ತು ನನಗೆ?

ಇಂಡಿ, ಚಡಚಣದ ವ್ಯಾನು ಅಷ್ಟೊತ್ತಿಗೆ ಹೋಗಿಬಿಟ್ಟಿತ್ತು
ಮೊದಲ ಅಚ್ಚು ಹೊತ್ತು.
ಅವಳ ಅವ್ವ ಇರುವುದು ಇಂಡಿಯ ಕಡೆ.
ಈ ಹೊತ್ತಿಗೆ ಅನ್ನದ ಅಗಳು ಹಿಚುಕಿ
ಗೋಡೆಗೆ ಹಚ್ಚುತ್ತಿರಬೇಕು,
ಟಿಕಳಿಯ ಮಗಳನ್ನು.