ಹನ್ನೊಂದು ತಂಬಗಿ

ಡೊಂಬಿವಲಿ ಪೂರ್ವ, ಎರಡನೇ ಮಾಳಿಗಿ.
ನನ್ನ ತಲಿದಿಂಬಿನ ನೆತ್ತಿಗೆ ಸರಿಯಾಗಿ
ಸೂರಿನ್ಯಾಗ ಒಂದು ಹಸಿ ಕಲೆ.
ಮೊದಲು ನಾಕಾಣೆ ಅಗಲ,
ಗಣಪತಿ ಹಬ್ಬಕ್ಕ ಹಪ್ಪಳದಷ್ಟು,
ದೀಪಾವಳಿಗೆ ಸುಣ್ಣ ಸುಲಿದು ಚಾದರದ ಮ್ಯಾಲ ಬಿತ್ತು.

ಸೊಸಾಯಿಟಿಗೆ ಆರು ಪತ್ರ ಬರದೆ,
ನನ್ನ ಮುರುಕು ಮರಾಠಿಯೊಳಗ.
ಮ್ಯಾಲಿನ ಸಬನೀಸ ಬಾಯಿನೂ ಬರದಿದ್ಲಂತ,
ಎಂಟು.
ಸೆಕ್ರೆಟರಿ ಎರಡೂ ಕಟ್ಟು ಒಂದೇ ಫೈಲಿನ್ಯಾಗ
ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಿದ್ದ,
ಅಲ್ಲೇ ಜಗಳಾಡಿಕೊಳ್ಳಲಿ ಅಂತ.

ಮೆಟ್ಟಲದಾಗ ಎದುರಾದ್ರ
ಆಕಿ ಪರ್ಸಿನ್ಯಾಗ ಏನೋ ಹುಡುಕ್ತಿದ್ಲು,
ನಾ ಕೊತ್ತಂಬರಿ ಎಸಳು ಎಣಿಸ್ತಿದ್ದೆ.

ಒಂದು ಐತವಾರ ಬಾಗಿಲಾ ಬಡದು ನಿಂತ್ಲು.
ಬೈಯಾಕ ಬಂದಾಳಂತ ಸೆರಗು ಬಿಗಿದೆ.
ಬೀಗದಕೈ ನನ್ನ ಕೈಯಾಗಿಟ್ಟು ಅಂದ್ಲು:
"ತುಮ್ಹಿ ವರ ಜಾ. ಮೀ ಇಥೇ ಬಸತೇ."
ನೀವು ಮ್ಯಾಲ ಹೋಗ್ರಿ. ನಾ ಇಲ್ಲಿ ಕೂಡ್ತೀನಿ.
ನೆಗೆಣ್ಣಿ ದಿನಾ ಕುಟ್ಟೋಹಾಂಗ ಕುಟ್ಟಲಿ,
ನೀವು ನಾ ಸುರಕೊಳ್ಳೋಹಾಂಗ ಸುರಿರಿ.
ಹನ್ನೊಂದು ತಂಬಗಿ.

ಒಂದೇ ಖೋಲಿ. ಕಿಟಕಿಗೆ ಕರೀ ಪಡದೆ.
ಬಿಳೇ ಬೂಟಿನೊಳಗ ತುರುಕಿದ ಹಳೇ ಪೇಪರು.
ಮಂಚದ ಮ್ಯಾಲ ಅಡ್ಡಾದೆ.
ಕೆಳಗ ನೀಲವ್ವ ಒನಕಿ ಎತ್ತಿದ್ಲು.
ಶೇಂಗಾ ಚಟ್ನಿ, ತಿಂಗಳಿಗೆ ನಲವತ್ತು ಕಿಲೋ,
ನಮ್ಮ ಅನ್ನ ಅದು, ನಮ್ಮ ಬಾಡಿಗಿ ಅದು.
ಆ ಅನ್ನದ ಪೆಟ್ಟು ಗ್ವಾಡಿ ಹತ್ತಿ
ಮಂಚದ ಕಾಲೊಳಗ ಹಾದು
ನನ್ನ ಹಲ್ಲಿನ ಬುಡಕ್ಕ ಬಂತು.
ಇದು ದಿನಾ ಮುಂಜಾನೆ ಐದಕ್ಕ,
ರಾತ್ರಿ ಒಂದಕ್ಕ ಮನಿ ಸೇರೋ ನರ್ಸಿಗೆ.

ಎದ್ದು ನೀರು ಸುರಿದೆ.
ಸುಟ್ಟವರ ವಾರ್ಡು, ಅಂದಿದ್ಲು ಹೊಸ್ತಿಲದಾಗ,
ಏಳೆಂಟು ತಂಬಗಿಗೆ ವಾಸನಿ ಬಿಡೂದಿಲ್ಲ.

ಕೆಳಗ ಇಳದು ನೋಡಿದ್ರ
ನನ್ನ ಹಾಸಿಗಿ ಅಂಚಿಗೆ ಅಂಗೈ ಒಡ್ಡಿ ಕುಂತಾಳ.
ಅಂಗೈಯೊಳಗ ಸುಣ್ಣದ ನೀರು.
ತಪ್ಪಾತು ಅಂತ ಯಾರೂ ಅನಲಿಲ್ಲ.
ಚಾ ಇಟ್ಟೆ.

ಪ್ಲಂಬರು ಹದಿನಾಕು ಸಾವಿರ ಅಂದ.
ಅದಕ್ಕೂ ಜಗಳಾತು ನಮಗ,
ಚಲೋ ಜಗಳ, ಎದುರಾಬದುರಾ ಕುಂತು ಆಡೋವಂಥಾದ್ದು:
ಪೈಪು ಆಕೀದು, ಸುಣ್ಣಬಣ್ಣ ನಂದು,
ಕೂಲಿ ಯಾರದು?
ಮೂರನೇ ಚಾಕ್ಕ ಅರ್ಧರ್ಧ ಅಂತಾತು.
ಒರಳಿನ ಕೆಳಗ ನಾಕು ಮಡಿಕಿ ಕೌದಿ.
ಕುಟ್ಟೂದು ಮಧ್ಯಾಹ್ನ, ಆಕಿ ಲೋಕಲ್ ಹಿಡದ ಮ್ಯಾಲ.
ಹಬ್ಬದ ಆರ್ಡರಿದ್ರ ಮುಂಜಾನೆನೂ ಕುಟ್ಟತೇವಿ,
ಹಿಂದಿನ ದಿನ ಹೇಳಿ ಕುಟ್ಟತೇವಿ.
ಆಕಿ ಮಾರಿ ಗಂಟು ಹಾಕೂದು ಬಿಟ್ಟಿಲ್ಲ.

ಬಣ್ಣದ ಕೆಳಗ ಕಲೆ ಇನ್ನೂ ತೆಳ್ಳಗ ಕಾಣತದ.
ಹನಿ ಇಲ್ಲ. ಆದ್ರ ರಾತ್ರಿ ಒಂದಕ್ಕ
ತಾನ ಎಚ್ಚರಾಗತದ ನನಗ, ಎಣಿಸ್ತೀನಿ.
ಹನ್ನೊಂದು ಆದ ಮ್ಯಾಲ ಮಗ್ಗಲಾ ಹೊಳ್ಳತೀನಿ.

ನಿನ್ನೆ ನಾಕಕ್ಕ ನಿಂತಿತು.
ಕತ್ತಲದಾಗ ಎದ್ದು ಕುಂತೆ.
ಕಡೇ ಲೋಕಲ್ ಹೋತು. ನಾಯಿ ಬೊಗಳಿ ಸುಮ್ಮನಾತು.
ಮೆಟ್ಟಲಾ ಹತ್ತಲೋ ಬ್ಯಾಡೋ
ಅಂತ ಚಪ್ಪಲಿಗೆ ಕಾಲು ಚಾಚಿದೆ.

ಬಕೀಟಿಗೆ ತಂಬಗಿ ತಾಗಿದ ಸಪ್ಪಳ.

ಐದು.