ಎರಡು ಬನಿಯನ್ನು

ಕಾರೆಕೆರೆ ಕಾಲೇಜಿನ ಹುಡುಗಿ ತಬಸ್ಸುಮ್
ಪಹಣಿ ಕೇಳಲಿಲ್ಲ, ಆಧಾರ್ ಕೇಳಲಿಲ್ಲ.
"ಹಳೇ ಬನಿಯನ್ನು ಎರಡು ಕೊಡಿ, ಅಪ್ಪಟ ಹತ್ತಿಯದು."
"ತೂತಿಲ್ಲದ್ದು ಇದ್ದರೆ ತಾನೆ!" ಒಳಗಿಂದ ನನ್ನವಳು.

ಒಂದನ್ನು ಹೂತೆವು ಕೆಳಗಿನ ಹೊಲದಲ್ಲಿ,
ಗೇಣು ಆಳ, ಬಿದಿರು ಗೂಟದ ಗುರುತು.
ಆಲೂಗೆಡ್ಡೆ, ಆಲೂಗೆಡ್ಡೆ, ನಡುವೆ ಒಂದು ವರ್ಷ ಶುಂಠಿ,
ಮತ್ತೆ ಆಲೂಗೆಡ್ಡೆ.
ಮೂಟೆಗಟ್ಟಲೆ ಹತ್ತು-ಇಪ್ಪತ್ತಾರು-ಇಪ್ಪತ್ತಾರು,
ಬೇರು ಕೊಳೆಯದಿರಲಿ ಎಂದು ಮಣ್ಣಿಗೇ ಕುಡಿಸಿದ ಔಷಧಿ.

ಇನ್ನೊಂದು, ಅತ್ತಿಗೆ ದ್ಯಾವೀರಮ್ಮನ ಪಾಲಿಗೆ ಬಂದ ಪಟ್ಟೆಯಲ್ಲಿ.
ರಾಗಿಯ ನಡುವೆ ಅಕ್ಕಡಿ ಸಾಲು
ಇವತ್ತಿಗೂ ಬಿಟ್ಟಿಲ್ಲ ಅವಳು: ಅವರೆ, ಹುಚ್ಚೆಳ್ಳು, ಒಂದಿಷ್ಟು ಜೋಳ.
ತಿಪ್ಪೆಗೊಬ್ಬರ ಹೊತ್ತು ತಂದು ಸುರಿದ ಮೇಲೆ
ಮಂಕರಿಯನ್ನು ಇನ್ನೆರಡು ಸಲ ತಟ್ಟುತ್ತಾಳೆ,
ಎಲೆಯ ಮುಂದೆ ಕೂತವರಿಗೆ ಬಡಿಸಿದ ಹಾಗೆ.

ಅರವತ್ತು ದಿನ.
ಆಷಾಢದ ಗಾಳಿ. ಒಂದು ಗೂಟವನ್ನು ಮೇಕೆ ಕಿತ್ತಿತು, ಮತ್ತೆ ನೆಟ್ಟೆ.
ನನ್ನ ಬೆವರು ಕುಡಿದ ಬಟ್ಟೆ
ಅಲ್ಲಿ ಒಂಟಿಯಾಗಿ ಏನು ಮಾಡುತ್ತಿರಬಹುದು
ಅಂತ ರಾತ್ರಿ ಒಂದೆರಡು ಸಲ ಅನ್ನಿಸಿದ್ದೂ ಉಂಟು.

ಅಗೆದ ದಿನ ಬದುವಿನ ಮೇಲೆ ಜನ.
ಕೆಳಗಿನದು ಮೊದಲು. ಎತ್ತಿ ಕೊಡವಿದೆ:
ಕತ್ತು, ಬೆನ್ನು, ಕಂಕುಳು, ಎಲ್ಲ ಇದ್ದಲ್ಲೇ ಇದ್ದವು.
ಚೀಟಿಯಲ್ಲಿ "ತೊಂಬತ್ತು" ಅಂತ ಓದಬಹುದಿತ್ತು.
"ದುದ್ದದ ಸಂತೆ ಮಾಲು, ಗಟ್ಟಿ!" ಅಂದ ನಿಂಗರಾಜು.
ನಕ್ಕರು. ನಾನೂ ನಕ್ಕೆ.
ತಬಸ್ಸುಮ್ ಬರೆದುಕೊಳ್ಳುತ್ತಿದ್ದಳು.

ಮೇಲಿನ ಪಟ್ಟೆಯಲ್ಲಿ ಗುದ್ದಲಿಗೆ ಏನೂ ಸಿಗಲಿಲ್ಲ.
ಜಾಗ ತಪ್ಪಿತೇ ಎಂದು ಕೈಯಲ್ಲೇ ಕೆದಕಿದೆ.
ಬಂದದ್ದು ಅಂಚಿನ ಹೊಲಿಗೆ ದಾರ, ಕಂಪನಿಯ ಚೀಟಿ,
ಬೂಸ್ಟಿನ ಬಿಳೀ ಎಳೆ,
ಬೆರಳಿಗೆ ಸುತ್ತಿಕೊಂಡ ಒಂದು ಎರೆಹುಳು.

"ಯಾರಮ್ಮ ತಿಂದಿದ್ದು?"
"ಕಣ್ಣಿಗೆ ಕಾಣೋರಲ್ಲ. ಈ ಹಿಡಿಯಲ್ಲಿ
ಹಾಸನ ಜಿಲ್ಲೆಗಿಂತ ಹೆಚ್ಚು ಜನ ಇದ್ದಾರೆ."
"ಮತ್ತೆ ಕೆಳಗೆ?"
ಸ್ವಲ್ಪ ಹೊತ್ತು ಬಿಟ್ಟು ಅಂದಳು:
"ಇದ್ದಾರೆ. ಕಡಿಮೆ. ಹಸಿದು ಸುಮ್ಮನಾಗಿದ್ದಾರೆ."

"ಗುಂಡಿ ಮುಚ್ಚಿ, ಅವರೆ ಬೇರು ಒಣಗುತ್ತೆ,"
ಅತ್ತಿಗೆ ಗದರಿದಳು.

ಆ ಬನಿಯನ್ನು ಒಗೆದು ತಂತಿಗೆ ಹಾಕಿದ್ದಾಳೆ ನನ್ನವಳು.
ಚೆನ್ನಾಗಿಯೇ ಇದೆ.
ಹಾಕಿಕೊಳ್ಳಲು ಮನಸ್ಸಾಗುತ್ತಿಲ್ಲ.

ಆಲೂ ಕಿತ್ತ ನೆಲ ಖಾಲಿ ಬಿದ್ದಿದೆ.
ನಿನ್ನೆ ಹೋಗಿ ಬೀಜಕ್ಕೆ ಒಂದು ಸೇರು ಹುರುಳಿ ಕೇಳಿದೆ.
ಯಾಕೆ ಅನ್ನಲಿಲ್ಲ ದ್ಯಾವೀರಮ್ಮ.
ಅಳೆಯುವಾಗ ಮಾತ್ರ
ಸೇರಿನ ಬಾಯಿಯನ್ನು ಅಂಗೈಯಲ್ಲಿ ಸವರಿ
ಸಮ ಮಾಡಲಿಲ್ಲ.