ಅರ್ಧ ಮನೆ

ಮೇ ತಿಂಗಳಲ್ಲೇ ಗೊತ್ತಾಗಿತ್ತು ನನಗೆ,
ಹೆಸರಘಟ್ಟ ರಸ್ತೆಯ ಆ ಛತ್ರದಲ್ಲಿ.
ಚರಣದ ಕೊನೆ, ಮೇಲಿನ ಷಡ್ಜ ಬರುವ ಜಾಗ,
ಪಂಕಜಾಕ್ಷಿ ಮೈಕನ್ನು ಜನರತ್ತ ತಿರುಗಿಸಿದಳು.
ಜನ ಹಾಡಿದರು. ಹುಡುಗನ ಮಾವ ಶಿಳ್ಳೆ ಹೊಡೆದ.
ಏನು ಸ್ಟೈಲು ಅಂದರು.
ನಾನೂ ಕೀಬೋರ್ಡಿನ ಬಾಷಾನೂ
ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಊಟದ ಪಂಕ್ತಿಯಲ್ಲಿ ಹಪ್ಪಳ ಮುರಿಯುತ್ತಾ ಅಂದಳು:
‘ಇನ್ಮೇಲೆ ಅರ್ಧ ಮನೆ ಇಳಿಸ್ಕೊಳ್ಳಿ ಗಿಟಾರಣ್ಣ,
ಈ ಚಳಿಗೆ ಗಂಟಲು ಏಳಲ್ಲ.’
ಫ್ಯಾನಿನಡಿ ನಾವೆಲ್ಲ ಬೆವರುತ್ತಿದ್ದೆವು.

ಬಾಷಾನಿಗೇನು, ಒಂದು ಗುಂಡಿ.
ನನಗೆ ಆರು ತಂತಿ.
ಇಳಿಸಿದರೆ ಬಟ್ಟೆ ಹರವುವ ಹಗ್ಗದ ಹಾಗೆ ಜೋಲುತ್ತವೆ,
ಮೀಟಿದರೆ ಮೆಟ್ಟಿಲಿಗೆ ಬಡಿದು ಗೊಣಗುತ್ತವೆ.
ಒಂಬತ್ತರ ಸೆಟ್ಟು ಬಿಚ್ಚಿ ಹನ್ನೊಂದರದು ಹಾಕಿದೆ.
ಇಪ್ಪತ್ತು ವರ್ಷ ಬೆರಳಿಗೆ ಒಗ್ಗಿದ್ದ ತೆಳುವು
ಸುರುಳಿಯಾಗಿ ಬಿಸ್ಕತ್ತಿನ ಡಬ್ಬಿ ಸೇರಿತು.

ದಪ್ಪ ತಂತಿ ಒಂಟಿಯಾಗಿ ಬರುವುದಿಲ್ಲ.
ನಟ್ಟಿನ ಸೀಳು ಹಿಡಿಸದೆ ಕಿರ್ರೆಂದು ಜಿಗಿಯುತ್ತದೆ;
ಮರಳುಕಾಗದ ಮಡಿಚಿ ತೀಡಿದೆ.
ಎಳೆತಕ್ಕೆ ಕತ್ತು ಮುಂದೆ ಬಾಗುತ್ತದೆ;
ಒಳಗಿನ ಸರಳಿಗೆ ಕಾಲು ಸುತ್ತು ಕೊಟ್ಟು
ಒಂದು ರಾತ್ರಿ ಹಾಗೇ ಬಿಟ್ಟೆ.

ಲಿಂಗರಾಜಪುರದ ಇನ್ನಾಸಪ್ಪ, ಚರ್ಚಿನ ಹಿಂದಿನ ಓಣಿಯಲ್ಲಿ
ಹಾರ್ಮೋನಿಯಂ, ಮಿಕ್ಸಿ, ಗಿಟಾರು ಮೂರನ್ನೂ
ಒಂದೇ ಮೇಜಿನ ಮೇಲೆ ಬಿಚ್ಚುತ್ತಿದ್ದವನು,
ಹೇಳಿಕೊಟ್ಟದ್ದು ಇಷ್ಟೇ:
ಹನ್ನೆರಡನೇ ಮೆಟ್ಟಿಲಲ್ಲಿ ತಂತಿ ಮುಟ್ಟು, ಒತ್ತಬೇಡ. ಕೇಳು.
ಈಗ ಒತ್ತು. ಕೇಳು.
ಒತ್ತಿದ್ದು ಏರಿದ್ದರೆ ಜೀನು ಹಿಂದಕ್ಕೆ,
ಇಳಿದಿದ್ದರೆ ಮುಂದಕ್ಕೆ.
ವೀಣೆಯವರು ಕುದುರೆ ಅಂತಾರಲ್ಲ,
ಅದಕ್ಕೇ ಇಲ್ಲಿ ಆರು ಜೀನು, ಆರು ಸವಾರರು.

ಶ್ರೀರಾಂಪುರದ ನನ್ನ ರೂಮು ಮೆಟ್ರೋ ಕಂಬಗಳ ಮಗ್ಗುಲಲ್ಲಿ.
ರೈಲು ಹೋದಾಗಲೆಲ್ಲ ಟ್ಯೂನರಿನ ಮುಳ್ಳು
ಯಾವುದೋ ಸ್ವರ ಹುಡುಕಿಕೊಂಡು ನಡುಗುತ್ತದೆ.
ಕೆಳಮನೆಯ ನೀರಿನ ಮೋಟರು ಸರಿಸುಮಾರು ಕಪ್ಪು ಐದು.
ಕೊನೆಯ ರೈಲು ಹೋಗಲಿ ಅಂತ ಕಾದೆ.

ಮುಟ್ಟು. ಒತ್ತು. ಹನ್ನೆರಡು ಸೆಂಟು ಮೇಲೆ.
ಸ್ಕ್ರೂ ಅರ್ಧ ಸುತ್ತು. ತಂತಿ ಮತ್ತೆ ಶ್ರುತಿಗೆ.
ಮುಟ್ಟು. ಒತ್ತು. ಏಳು.
ದಪ್ಪಗಾದವರಿಗೆ ಹಳೆಯ ಅಳತೆ ಸಾಲದು,
ಕೂದಲೆಳೆಯಷ್ಟು ಉದ್ದದ ಮನೆ ಬೇಕು.
ಆರನೆಯದು ಹಠ ಹಿಡಿಯಿತು.
ಸ್ಪ್ರಿಂಗು ಪೂರ್ತಿ ಮುದುಡಿ, ಸ್ಕ್ರೂ ಮುಗಿದು,
ಇನ್ನೂ ಮೂರು ಸೆಂಟು ಮೇಲೆ.
ಸ್ಪ್ರಿಂಗು ತೆಗೆದು ಇಕ್ಕಳದಲ್ಲಿ ಅರ್ಧ ಕತ್ತರಿಸಿದೆ.
ಚೂರು ಮಂಚದಡಿ ಹಾರಿತು. ಇನ್ನೂ ಸಿಕ್ಕಿಲ್ಲ.

ಒಂದೂವರೆಗೆ ಎರಡು ಸದ್ದೂ ಒಂದಾದವು, ಹೆಚ್ಚುಕಮ್ಮಿ.
‘ಎಲ್ಲಾ ಮೆಟ್ಟಿಲಲ್ಲೂ ಸಾಚಾ ಇರೋ ಗಿಟಾರು
ದೇವರ ಹತ್ರಾನೂ ಇಲ್ಲ ಮಗಾ,
ನೀನು ಜಾಸ್ತಿ ಹೊತ್ತು ನಿಲ್ಲೋ ಕಡೆ ಸರಿ ಮಾಡ್ಕೋ.’
ಅದೂ ಇನ್ನಾಸಪ್ಪನೇ.

ಫೋನಿನಲ್ಲಿ ಪಂಕಜಾಕ್ಷಿ ಕಳಿಸಿದ ಚರಣ ಇತ್ತು,
ಅಡುಗೆಮನೆಯಲ್ಲಿ ಹಾಡಿದ್ದು, ಹಿಂದೆ ಒಗ್ಗರಣೆ ಚಟಪಟ.
ಹಾಕಿ ಕೇಳಿದೆ. ಅರ್ಧ ಮನೆ ಇಳಿಸಿದ ಮೇಲೂ
ಮುಳ್ಳು ಆ ಷಡ್ಜದ ಹತ್ತಿರ ಬಂದು
ಗೆರೆಗೆ ಎಂಟು ಸೆಂಟು ಕೆಳಗೇ ನಿಂತಿತು.
ಆರೂ ಬಿರಡೆ ಅಷ್ಟೇ ಅಷ್ಟು ಇಳಿಸಿದೆ.
ಬಾಷಾನಿಗೆ ಮೆಸೇಜು: ಮೈನಸ್ ಎಂಟು. ಯಾರಿಗೂ ಹೇಳಬೇಡ.
ಬೆಳಗಿನ ಜಾವ ಉತ್ತರ, ಒಂದು ಹೆಬ್ಬೆರಳು.

ಭಾನುವಾರ, ಮಾಗಡಿ ರಸ್ತೆಯ ಗ್ಯಾರೇಜಿನಲ್ಲಿ ಪ್ರಾಕ್ಟೀಸು.
ಷಡ್ಜ ಬಂತು. ಮೈಕು ತಿರುಗಲಿಲ್ಲ.
‘ಪರವಾಗಿಲ್ವಲ್ಲ ಇವತ್ತು ಗಂಟಲು’ ಅಂದು
ಫ್ಲಾಸ್ಕಿನ ಬಿಸಿನೀರು ಬಗ್ಗಿಸಿಕೊಂಡಳು.
ಹೂಂ ಅಂದೆ,
ತೋರುಬೆರಳಿನ ಹಳೆಯ ಗೆರೆಯ ಪಕ್ಕ
ಹನ್ನೊಂದರ ತಂತಿ ಕೊರೆದಿದ್ದ ಹೊಸ ಗೆರೆಯನ್ನು
ಪ್ಯಾಂಟಿಗೆ ಒರೆಸಿಕೊಳ್ಳುತ್ತಾ.